ಕಂಬಿ ಚುಚ್ಚಿ ಸತ್ತ, ಸರಿಯಾಗೇ ಸತ್ತ

ಎಲ್ಲರಿಗೂ ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಆದರೆ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಾಮೆಂಟ್ ತೆಗೆದರೆ ಒಬ್ಬರು ಬರೆದಿದ್ದಾರೆ: ದೇವರನ್ನೇ ಸೋಲಿಸಿದವನು ಒಂದು ಕಂಬಿಗೆ ಸತ್ತನಲ್ಲ, ಇದನ್ನು ಹೊಗಳೋಕೆ ನಿಮಗೆ ಎಷ್ಟು ದುಡ್ಡು ಕೊಟ್ಟರು? ಯಾರೂ ಕೊಟ್ಟಿಲ್ಲ ಸಾರ್. ಕೊಡೋರಿದ್ದರೆ ನನ್ನ ನಂಬರ್ ಕೊಡಿ.

ಮಾತು ಸೂಪರ್‌ನ್ಯಾಚುರಲ್ ಬಗ್ಗೆ. 2005ರಲ್ಲಿ ಶುರುವಾಗಿ 2020ರ ನವೆಂಬರಿನಲ್ಲಿ ಮುಗಿದ ಅಮೆರಿಕದ ಸೀರಿಯಲ್, 15 ಸೀಸನ್, 327 ಎಪಿಸೋಡ್. ದೆವ್ವ ಪಿಶಾಚಿಗಳನ್ನು ಬೇಟೆಯಾಡುವ ಅಣ್ಣ ಡೀನ್, ತಮ್ಮ ಸ್ಯಾಮ್, ಇವರ ಕಥೆ. ಕಂಬಿಗೆ ಸತ್ತವನು ಅಣ್ಣ ಡೀನ್. ಇನ್ನೂ ನೋಡಿಲ್ಲ ಅನ್ನುವವರು ಇಲ್ಲೇ ಎದ್ದು ಹೋಗಿ, ಲೈಕ್ ಒತ್ತಿ ಹೋಗಿ.

ಕೊನೇ ಎಪಿಸೋಡಲ್ಲಿ ಡೀನ್ ರಕ್ತಪಿಶಾಚಿಗಳ ಜೊತೆ ಹೊಡೆದಾಡುತ್ತಾನೆ. ಹಳೇ ಕೊಟ್ಟಿಗೆ ತರಹದ ಜಾಗ. ಒಬ್ಬ ತಳ್ಳಿದ, ಹಿಂದಿನ ಕಂಬದಲ್ಲಿ ಚಾಚಿಕೊಂಡಿದ್ದ ಕಂಬಿ ಬೆನ್ನಿಗೆ ಹೊಕ್ಕಿತು. ಸ್ಯಾಮ್ ಅಣ್ಣನ ಬೆನ್ನ ಹಿಂದೆ ಕೈ ಹಾಕುತ್ತಾನೆ, ಕೈ ಹೊರಗೆ ಬಂದರೆ ರಕ್ತ. ಅಷ್ಟೇ. ಗುಡುಗಿಲ್ಲ, ಮಿಂಚಿಲ್ಲ. ನಾನು ಹೇಳೋದು ಒಂದೇ ಮಾತು: ಇಡೀ ಸೀರಿಯಲ್‌ನಲ್ಲಿ ನಿಜವಾಗಿ ಸತ್ತದ್ದು ಅಂದರೆ ಇದೊಂದೇ ಸಾವು.

ಯಾಕೆ ಅಂದರೆ, ಈ ಮನುಷ್ಯನ ತಿಥಿ ವಡೆ ಎಷ್ಟು ಸಲ ತಿನ್ನೋದು ಸ್ವಾಮಿ? ಎರಡನೇ ಸೀಸನ್ ಕೊನೆಗೆ ತಮ್ಮ ಸತ್ತ, ಅವನನ್ನು ಬದುಕಿಸೋಕೆ ಅಣ್ಣ ಆತ್ಮ ಮಾರಿದ. ಮೂರನೇ ಸೀಸನ್ ಕೊನೆಗೆ ನರಕದ ನಾಯಿಗಳು ಅಣ್ಣನನ್ನು ಎಳೆದುಕೊಂಡು ಹೋದವು. ಅಯ್ಯೋ ಅಂತ ನಾನು ಊಟ ಬಿಟ್ಟೆ. ನಾಲ್ಕನೇ ಸೀಸನ್ ಮೊದಲ ಎಪಿಸೋಡಿಗೇ ಸಮಾಧಿ ಕೆರೆದುಕೊಂಡು ಎದ್ದು ಬಂದ! ಇದರ ಮಧ್ಯೆ ಒಂದೇ ಮಂಗಳವಾರ ತಿರುಗಿ ತಿರುಗಿ ಬರುವ ಎಪಿಸೋಡ್ ಬೇರೆ, ಅದರಲ್ಲಿ ನೂರಕ್ಕೂ ಜಾಸ್ತಿ ಸಲ ಸಾಯುತ್ತಾನೆ, ಒಂದು ಸಲ ಸಾಸೇಜ್ ಗಂಟಲಿಗೆ ಸಿಕ್ಕಿ. ಆಗ ನಕ್ಕಿರಲ್ವಾ? ಸಾಸೇಜ್‌ಗೆ ನಗು, ಕಂಬಿಗೆ ಕೋಪ. ಯಾವ ನ್ಯಾಯ ಇದು?

"ಹೀರೋ ಹೀರೋ ತರಹ ಸಾಯಬೇಕು" ಅಂತ ಇನ್ನೊಬ್ಬರು. ಹೀರೋ ತರಹ ಅಂದರೆ ಹೇಗೆ, ಕುದುರೆ ಮೇಲೆ ಕೂತಾ? ಶಿರಾಡಿ ಘಾಟಿಯಲ್ಲಿ ಮೂವತ್ತು ವರ್ಷ ಲಾರಿ ಓಡಿಸಿದ ನಮ್ಮ ಸೋದರಮಾವ, ಮಳೆಗಾಲದ ರಾತ್ರಿಯಲ್ಲೂ ಒಂದು ಗೀರು ಬೀಳದ ಹಾಗೆ ಗಾಡಿ ಇಳಿಸಿದವರು, ಬಚ್ಚಲಲ್ಲಿ ಜಾರಿ ಬಿದ್ದು ಹೋದರು. ಪಾಚಿ ಅಂತ ಅತ್ತೆ ಹಿಂದಿನ ದಿನವಷ್ಟೇ ಹೇಳಿದ್ದರಂತೆ. ಸಾವು ಬರೋದು ಹಾಗೇ ಕಣ್ರೀ. ಕಂಬಿಯ ಹಾಗೆ.

ಮತ್ತೆ ಡೀನ್ ಅಲ್ಲಿ ಏನು ಕೇಳುತ್ತಾನೆ? ನನ್ನನ್ನು ವಾಪಸ್ ತರಬೇಡ ಅಂತ. ಒಬ್ಬರನ್ನೊಬ್ಬರು ವಾಪಸ್ ತಂದು ತಂದೇ 15 ಸೀಸನ್ ಹಾಳು ಮಾಡಿಕೊಂಡವರು ಇವರು. ಕೊನೆಗೂ ಒಬ್ಬ ಸಾಕು ಅಂದ. ತಮ್ಮ ಹೂಂ ಅಂದ. ಇದು ನಿಮಗೆ ಕಾಣಲಿಲ್ಲ, ಕಂಬಿ ಒಂದೇ ಕಂಡಿತು.

ಅಂದ ಹಾಗೆ, ನಮ್ಮ ಚಾನೆಲ್‌ನ ಮಗ್ ಬಂದಿದೆ, ಹಿಡಿ ಸ್ವಲ್ಪ ಸೊಟ್ಟ, ಲಿಂಕ್ ಕೆಳಗಿದೆ. ಎಲ್ಲಿದ್ದೆ? ಹಾಂ, ಕಂಬಿ.

ಐದನೇ ಸೀಸನ್‌ಗೇ ನಿಲ್ಲಿಸಬೇಕಿತ್ತು ಅನ್ನುವವರ ಪಂಗಡ ಒಂದಿದೆ. ಕಥೆ ಹುಟ್ಟುಹಾಕಿದ ಎರಿಕ್ ಕ್ರಿಪ್ಕೆ ಅಂದುಕೊಂಡಿದ್ದೂ ಐದೇ ಸೀಸನ್, ಸರಿ. ಆದರೆ ನೀವೇ ಆಮೇಲಿನ ಹತ್ತನ್ನೂ ಕೂತು ನೋಡಿದಿರಿ! ಬಿಟ್ಟಿ ಊಟ ಮೂರು ಸಲ ಬಡಿಸಿಕೊಂಡು ಉಪ್ಪು ಜಾಸ್ತಿ ಅಂದ ಹಾಗಾಯಿತು. ದೇವದೂತ ಕ್ಯಾಸ್ಟಿಯಲ್ ಡೀನ್‌ಗೆ ಪ್ರೀತಿ ಹೇಳಿಕೊಂಡು ಹೋದವನು ಕೊನೇ ಎಪಿಸೋಡಲ್ಲಿ ಮುಖವನ್ನೇ ತೋರಿಸಲಿಲ್ಲ ಅಂತ ಕೂಗುವವರೇ, ಅದಕ್ಕೆ ನನ್ನ ಹತ್ತಿರ ಉತ್ತರ ಇದೆ, ಆದರೆ ಇವತ್ತು ಕಂಬಿ ವಿಷಯ. ಕೊನೆಗೆ ಮುದುಕನಾದ ಸ್ಯಾಮ್‌ನ ವಿಗ್? ಆ ವಿಗ್ ಬಗ್ಗೆ ನಾನು ಏನೂ ಹೇಳುವುದಿಲ್ಲ. ನಮ್ಮೂರ ನಾಟಕ ಕಂಪನಿಯ ಧೃತರಾಷ್ಟ್ರನಿಗೂ ಅದಕ್ಕಿಂತ ಒಳ್ಳೇದು ಇತ್ತು.

ಆದರೂ ಕಂಬಿ ಸರಿ. ಯಾಕೆ ಅಂದರೆ... ಸರಿ ಅಷ್ಟೇ. ಆ ಕಾಮೆಂಟ್ ಪಿನ್ ಮಾಡಿದ್ದೇನೆ, ಹೋಗಿ ಜಗಳ ಆಡಿ. ಬೈಯುವವರು ಸಬ್‌ಸ್ಕ್ರೈಬ್ ಮಾಡಿಕೊಂಡು ಬೈಯಿರಿ. ಕುಕ್ಕರ್ ಕೂಗುತ್ತಿದೆ, ಬಂದೆ.