ಮದುವೆ ಕ್ಯಾಸೆಟ್ಟಿನ ಕೊನೆಯ ನಾಲ್ಕು ನಿಮಿಷ

ಕೇಳುಗರೆಲ್ಲರಿಗೂ ನಮಸ್ಕಾರ.

ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ಕಾಲ ಅದು. ನಮ್ಮ ಬೀದಿಗೆಲ್ಲ ಒಂದೇ ಟಿವಿ, ಎದುರುಮನೆಯವರದ್ದು. ಅಪ್ಪ ಕಾಟನ್ ಮಿಲ್ಲಿನಿಂದ ಶಿಫ್ಟ್ ಮುಗಿಸಿ ಬರುವರು. ಕೈಕಾಲು ತೊಳೆದು, ಮಂಡಕ್ಕಿ ಪೊಟ್ಟಣ ಹಿಡಿದು, ನೇರ ಎದುರುಮನೆ ಪಡಸಾಲೆಗೆ. ಹಿಂದೆ ನಾವು ಮಕ್ಕಳು. ಅಲ್ಲಿ ‘ಯೇ ಜೋ ಹೈ ಜಿಂದಗಿ’ ಶುರುವಾಗುತ್ತಿತ್ತು. ನಮ್ಮಲ್ಲಿ ಯಾರಿಗೂ ಹಿಂದಿ ನೆಟ್ಟಗೆ ಬರುತ್ತಿರಲಿಲ್ಲ. ಆದರೂ ಅಪ್ಪ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ಅಪ್ಪ ಅಷ್ಟು ನಕ್ಕಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

1984ರಲ್ಲಿ ದೂರದರ್ಶನದಲ್ಲಿ ಬಂದ ಧಾರಾವಾಹಿ ಅದು. ಬರೆದವರು ಶರದ್ ಜೋಶಿ. ಅದರಲ್ಲಿ ಸತೀಶ್ ಶಾ ಪ್ರತಿ ಕಂತಿನಲ್ಲೂ ಬೇರೆ ಪಾತ್ರ. ಈ ವಾರ ಒಂದು ವೇಷ, ಮುಂದಿನ ವಾರ ಇನ್ನೊಂದು ವೇಷ, ಇನ್ನೊಂದು ದನಿ. ‘ಇವತ್ತು ಏನಾಗಿ ಬರ್ತಾನೋ’ ಅಂತ ಪಡಸಾಲೆಯೆಲ್ಲ ಕಾಯುತ್ತಿತ್ತು. ಯೋಚಿಸಿ ನೋಡಿ. ಇಂಥ ಧಾರಾವಾಹಿಯ ಒಂದು ಕಂತು ಕಳೆದರೆ, ಒಬ್ಬ ಮನುಷ್ಯನೇ ಕಳೆದ ಹಾಗೆ. 2025ರ ಅಕ್ಟೋಬರ್‌ನಲ್ಲಿ ಸತೀಶ್ ಶಾ ತೀರಿಕೊಂಡರು. ಸುದ್ದಿ ಕೇಳಿದ ರಾತ್ರಿ ಆ ಎಲ್ಲ ವೇಷಗಳನ್ನೂ ಮೊದಲಿಂದ ಕೊನೆವರೆಗೆ ನೋಡಬೇಕು ಅನ್ನಿಸಿತು. ಈ ಊರಿನ ಅಂಗಡಿಗಳಲ್ಲಿ ಆ ಧಾರಾವಾಹಿಯ ಪೂರ್ತಿ ಡಿಸ್ಕ್ ಸೆಟ್ಟಿಗಾಗಿ ನಾನು ವರ್ಷಗಟ್ಟಲೆ ಅಲೆದವನು. ಸಿಕ್ಕಿಲ್ಲ.

ಕನ್ನಡದ್ದೂ ಅದೇ ಕತೆ. ಸಿಹಿಕಹಿ ಚಂದ್ರು ಅವರನ್ನು ಇವತ್ತಿನ ಮಕ್ಕಳು ‘ಬೊಂಬಾಟ್ ಭೋಜನ’ದಲ್ಲಿ ಅಡುಗೆ ಮಾಡುವವರು ಅಂತ ಗುರುತಿಸುತ್ತಾರೆ. ಸಿಹಿ, ಕಹಿ ಅಂದರೆ ರುಚಿ ಇರಬೇಕು ಅಂದುಕೊಳ್ಳುತ್ತಾರೆ. ಅದು ದೂರದರ್ಶನದ ಒಂದು ಧಾರಾವಾಹಿಯ ಹೆಸರು. ಅದರಲ್ಲಿ ನಟಿಸಿದ ಚಂದ್ರು, ಗೀತಾ ಇಬ್ಬರ ಹೆಸರಿಗೂ ಅದು ಅಂಟಿಕೊಂಡಿತು. ಹೆಸರು ಉಳಿಯಿತು. ‘ಆ ಸೀರಿಯಲ್ ತೋರಿಸಿ ಅಂಕಲ್’ ಅಂತ ಪಕ್ಕದ ಮನೆ ಹುಡುಗ ಕೇಳಿದರೆ ನಾನು ಏನು ತೋರಿಸಲಿ? ಅದಾದ ಮೇಲೆ ಚಂದ್ರು ಅವರೇ ನಿರ್ದೇಶಿಸಿದ ‘ಪಾಪ ಪಾಂಡು’ ಈಟಿವಿ ಕನ್ನಡದಲ್ಲಿ ಸಾವಿರಕ್ಕೂ ಜಾಸ್ತಿ ಕಂತು ಓಡಿತು. ಅದರ ಪೂರ್ತಿ ಸೆಟ್ಟೂ ನನ್ನ ಕೈಗೆ ಸಿಕ್ಕಿಲ್ಲ.

ಯಾಕೆ ಹೀಗೆ? ಜನಕ್ಕೆ ಬೇಡವಾಗಿದೆ ಅಂತ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹೊರದೇಶದ ಒಂದು ಉದಾಹರಣೆ ಹೇಳುತ್ತೇನೆ. ರೇಡಿಯೊ ಕೇಳುವ ನಿಮಗೆ ಇದು ಇಷ್ಟವಾಗುತ್ತದೆ. ಅಮೆರಿಕದಲ್ಲಿ 1978ರಿಂದ 1982ರವರೆಗೆ ‘ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನ್ಯಾಟಿ’ ಅಂತ ಒಂದು ಹಾಸ್ಯ ಧಾರಾವಾಹಿ ಬಂತು. ಕತೆಯೆಲ್ಲ ಒಂದು ರೇಡಿಯೊ ಸ್ಟೇಷನ್ನಿನೊಳಗೆ. ರೇಡಿಯೊ ಸ್ಟೇಷನ್ ಅಂದಮೇಲೆ ಹಾಡು ಇರಲೇಬೇಕಲ್ವಾ? ಆ ಕಾಲದ ನಿಜವಾದ ಹಾಡುಗಳನ್ನೇ ಹಾಕಿದರು. ಆದರೆ ಹಾಡಿನ ಹಕ್ಕು ಪಡೆದದ್ದು ಕೆಲವೇ ವರ್ಷಕ್ಕೆ. ಮನೆಯಲ್ಲಿ ಇಟ್ಟುಕೊಂಡು ನೋಡುವ ಡಿಸ್ಕ್ ಬರುತ್ತದೆ ಅಂತ ಆಗ ಯಾರು ಎಣಿಸಿದ್ದರು? ಅವಧಿ ಮುಗಿಯಿತು. ಮರುಪ್ರಸಾರದಲ್ಲಿ ಹಾಡು ಕಿತ್ತು ಯಾವುದೋ ಸಂಗೀತ ತುರುಕಿದರು. ಹಾಡಿನ ಮೇಲೆ ಮಾತು ಬಂದ ಕಡೆ ನಟರ ಮಾತನ್ನೂ ಬೇರೆ ದನಿಯಲ್ಲಿ ಡಬ್ ಮಾಡಿದರು. 2007ರಲ್ಲಿ ಮೊದಲ ವರ್ಷದ ಕಂತುಗಳು ಡಿಸ್ಕಿನಲ್ಲಿ ಬಂದಾಗಲೂ ಅದೇ ಪಾಡು. ಅಭಿಮಾನಿಗಳು ಬಿಡಲಿಲ್ಲ. 2014ರಲ್ಲಿ, ಬಹುಪಾಲು ಮೂಲ ಹಾಡುಗಳ ಸಮೇತ, ಪೂರ್ತಿ ಸೆಟ್ ಬಂತು. ‘ಮರ್ಫಿ ಬ್ರೌನ್’ಗೆ ಆ ಅದೃಷ್ಟ ಇಲ್ಲ. ಮೊದಲ ಸುತ್ತಿನಲ್ಲೇ 10 ವರ್ಷ ಓಡಿದ ಧಾರಾವಾಹಿ ಅದು. ಡಿಸ್ಕ್ ಬಂದಿದ್ದು ಮೊದಲ ವರ್ಷದ್ದು ಮಾತ್ರ, 2005ರಲ್ಲಿ. ಅಲ್ಲೂ ಹಾಡಿನ ಹಕ್ಕೇ ಗಂಟು.

ಇದಕ್ಕಿಂತ ಸಂಕಟದ ಸಂಗತಿ ಇಂಗ್ಲೆಂಡಿನದು. ಬಿಬಿಸಿಯ ‘ಡ್ಯಾಡ್ಸ್ ಆರ್ಮಿ’ 80 ಕಂತುಗಳ ಧಾರಾವಾಹಿ. ಅದರಲ್ಲಿ ಮೂರು ಕಂತು ಇವತ್ತಿಗೂ ಇಲ್ಲ. ಆಗ ವಿಡಿಯೊ ಟೇಪಿಗೆ ಬೆಲೆ ಜಾಸ್ತಿ. ಇದ್ದದ್ದನ್ನು ಅಳಿಸಿ ಅದೇ ಟೇಪಿನಲ್ಲಿ ಹೊಸದನ್ನು ತುಂಬುತ್ತಿದ್ದರು. ಇನ್ನೆರಡು ಕಂತೂ ಹೋಗಿಯೇಬಿಟ್ಟವು ಅಂತ ಎಲ್ಲರೂ ಕೈಬಿಟ್ಟಿದ್ದರು. ಕಸಕ್ಕೆ ಎಸೆದಿದ್ದ ಫಿಲ್ಮ್ ಡಬ್ಬಿಗಳನ್ನು ಯಾರೋ ಪುಣ್ಯಾತ್ಮರು ಎತ್ತಿಟ್ಟಿದ್ದರಿಂದ ಅವು 2001ರಲ್ಲಿ ವಾಪಸ್ ಬಂದವು. ಕಾಣೆಯಾದ ಮೂರರಲ್ಲಿ ಒಂದರ ಧ್ವನಿ ಮಾತ್ರ 2008ರಲ್ಲಿ ಸಿಕ್ಕಿತು.

ನಮ್ಮ ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ‘ವೇವ್ಸ್’ ಅನ್ನುವ ಆ್ಯಪ್ ತಂದಿತು. ಹಳೆಯ ಧಾರಾವಾಹಿಗಳು ಅದರಲ್ಲಿ ಬರುತ್ತಿವೆ. ನನಗೆ ತುಂಬಾ ಸಂತೋಷ. ಆದರೆ ಆ್ಯಪಿನಲ್ಲಿ ಇವತ್ತು ಇದ್ದದ್ದು ನಾಳೆ ಇರಲೇಬೇಕು ಅಂತಿಲ್ಲ. ಕಪಾಟಿನಲ್ಲಿಟ್ಟ ಡಿಸ್ಕು ನೆಟ್ಟಿಲ್ಲದ ಹಳ್ಳಿಮನೆಯಲ್ಲೂ ಓಡುತ್ತದೆ. ಎಲ್ಲ ಕಂತು, ಮೂಲ ಹಾಡಿನೊಂದಿಗೆ, ಕತ್ತರಿ ಹಾಕದೆ. ನಾನು ಕೇಳುವುದು ಇಷ್ಟೇ.

ಅಲ್ಲಿಯವರೆಗೆ ನಾವೂ ಒಂದು ಕೆಲಸ ಮಾಡಬಹುದು. ನಿಮ್ಮ ಅಟ್ಟದ ಮೇಲೆ ಹಳೆ ವಿಡಿಯೊ ಕ್ಯಾಸೆಟ್ ಇದ್ದರೆ ಗುಜರಿಗೆ ಹಾಕಬೇಡಿ. ಟಿವಿಯಿಂದ ರೆಕಾರ್ಡ್ ಮಾಡಿಕೊಂಡದ್ದರಲ್ಲಿ ಹಾಡೂ ಇರುತ್ತದೆ, ನಡುವಿನ ಜಾಹೀರಾತೂ ಇರುತ್ತದೆ. ಪುಸ್ತಕದ ಹಾಗೆ ನಿಲ್ಲಿಸಿಡಿ. ನಮ್ಮ ಕಡೆಯ ಬಿಸಿಲು, ಧೂಳು ಅದಕ್ಕೆ ಆಗಿಬರುವುದಿಲ್ಲ. ಟೇಪಿನ ಮೇಲೆ ಬಿಳಿ ಬೂಸ್ಟು ಕಂಡರೆ ಪ್ಲೇಯರಿಗೆ ಹಾಕಲೇಬೇಡಿ. ಬಲ್ಲವರ ಹತ್ತಿರ ಮೊದಲು ಕ್ಲೀನ್ ಮಾಡಿಸಿ. ಕ್ಯಾಸೆಟ್ಟಿನ ಬೆನ್ನಿನ ಮೂಲೆಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಚೂರು ಇರುತ್ತದೆ. ಅದನ್ನು ಮುರಿದುಬಿಟ್ಟರೆ ಅದರ ಮೇಲೆ ಯಾರೂ ಬೇರೆ ರೆಕಾರ್ಡ್ ಮಾಡಲು ಆಗುವುದಿಲ್ಲ. ತಡಮಾಡಬೇಡಿ. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲೇ ಈ ಪ್ಲೇಯರುಗಳನ್ನು ಮಾಡುವುದು ನಿಲ್ಲಿಸಿತು. ಉಳಿದ ಮಷೀನುಗಳು ಒಂದೊಂದಾಗಿ ಕೆಡುತ್ತಿವೆ.

ಆ ಚೂರಿನ ಮಾತು ಯಾಕೆ ಹೇಳಿದೆ ಅಂದರೆ, ಚಿತ್ರದುರ್ಗದ ಚಿಕ್ಕಪೇಟೆಯಲ್ಲಿದ್ದ ನಮ್ಮ ಮಾವನ ಮನೆಯಲ್ಲಿ ವಿಸಿಆರ್ ಇತ್ತು. ಅಪ್ಪನಿಗೋಸ್ಕರ ಮಾವ ‘ಯೇ ಜೋ ಹೈ ಜಿಂದಗಿ’ಯ ಕೆಲವು ಕಂತು ಹಿಡಿದಿಟ್ಟಿದ್ದರು. ಚೂರು ಮುರಿದಿರಲಿಲ್ಲ. ಅಕ್ಕನ ಮದುವೆಯಾದಾಗ ಖಾಲಿ ಕ್ಯಾಸೆಟ್ ಸಿಗಲಿಲ್ಲ ಅಂತ ಮದುವೆಯ ಕಾಪಿಯನ್ನು ಅದರ ಮೇಲೇ ಮಾಡಿಸಿದರು. ಅಪ್ಪ ಏನೂ ಅನ್ನಲಿಲ್ಲ. ಮಗಳ ಮದುವೆ ಅಲ್ವಾ.

ಅಪ್ಪ ಹೋಗಿ ಒಂಬತ್ತು ವರ್ಷ. ಕಳೆದ ತಿಂಗಳು ಆ ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದೆ. ಧಾರೆ ಆಯಿತು, ಊಟದ ಪಂಕ್ತಿ ಆಯಿತು, ಅಕ್ಕ ಅಳುತ್ತಾ ಕಾರು ಹತ್ತಿದಳು. ಪರದೆ ಒಂದು ಗಳಿಗೆ ಬರೀ ಚುಕ್ಕೆ. ಆಮೇಲೆ ಇದ್ದಕ್ಕಿದ್ದ ಹಾಗೆ ಸತೀಶ್ ಶಾ! ಮದುವೆ ಮುಗಿದ ಮೇಲೆ ಟೇಪಿನಲ್ಲಿ ಅಳಿಯದೆ ಉಳಿದ ನಾಲ್ಕು ನಿಮಿಷ. ಅಮ್ಮ ಎರಡು ಸಲ ಹಾಕಿಸಿಕೊಂಡು ನೋಡಿದಳು. ‘ಇದರ ಮೊದಲು ಏನಾಗಿತ್ತೋ’ ಅಂದಳು. ನನಗೂ ನೆನಪಿಲ್ಲ. ಪೂರ್ತಿ ಸೆಟ್ ಬಂದ ದಿನ ಅಮ್ಮನನ್ನು ಕೂರಿಸಿಕೊಂಡು ಮೊದಲು ಆ ಕಂತನ್ನೇ ಹುಡುಕುತ್ತೇನೆ.

ನಮಸ್ಕಾರ.