ಕೊಳೆಮದ್ದಿನ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಶಿರಸಿ ಸೀಮೆಯ ಅಡಿಕೆ ತೋಟದವರು ಸೊಸೈಟಿಯಲ್ಲಿ ಸಾಲ ಎತ್ತಿಯಾದರೂ, ಅಡಿಕೆ ಕೊಳೆತು ಉದುರದಂತೆ ಮಳೆಗಾಲದ ಕೊಳೆಮದ್ದು ಹೊಡೆಸುತ್ತಾರೆ. ಮೈಲುತುತ್ತ, ಸುಣ್ಣ, ಮರ ಹತ್ತುವವರ ಕೂಲಿ, ಎಲ್ಲವೂ ದುಬಾರಿಯೇ. ಈ ವರ್ಷ ಸಾಲ ಕಡಿಮೆ ಮಾಡೋಣವೆಂದು ಎರಡನೆಯ ಮದ್ದು ಬಿಟ್ಟರೆ ಆಷಾಢದಲ್ಲಿ ಲೆಕ್ಕದ ಪುಸ್ತಕ ಚಂದ ಕಾಣುತ್ತದೆ. ಶ್ರಾವಣದಲ್ಲಿ ಅಡಿಕೆ ಮರದ ಬುಡದಲ್ಲಿರುತ್ತದೆ.

ವಿತ್ತೀಯ ಕೊರತೆಯ ಮಾತು ಬಂದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ. ಸಾಲ ಬಿಟ್ಟು ಉಳಿದ ಆದಾಯವನ್ನು ಮೀರಿದ ಸರ್ಕಾರದ ಖರ್ಚೇ ಆ ಕೊರತೆ. 2025-26ರ ಕೇಂದ್ರ ಬಜೆಟ್ಟಿನ ಪ್ರಕಾರ ಬರುವ ಪ್ರತಿ ರೂಪಾಯಿಯಲ್ಲಿ 24 ಪೈಸೆ ಸಾಲದ್ದು. ಹೋಗುವ ರೂಪಾಯಿಯಲ್ಲಿ 20 ಪೈಸೆ ಬಡ್ಡಿಗೆ. ಹಾಗಾದರೆ ತೆರಿಗೆ ಏರಿಸಬಹುದಲ್ಲ ಎನ್ನುತ್ತೀರಿ. ಯಾರ ಮೇಲೆ? ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹತ್ತೆಕರೆ ತೋಟವಿದ್ದರೂ ಇಲ್ಲ. (ತೋಟದವರು ಬೇಸರಿಸಬಾರದು.) ಮೊಬೈಲ್ ರೀಚಾರ್ಜಿಗೆ ಮಾತ್ರ ಆ ತೋಟದ ಯಜಮಾನರೂ ಕಾರವಾರದ ಪೇಟೆಯಲ್ಲಿ ಮೀನು ಮಾರುವ ಹೆಂಗಸೂ ಅದೇ ಶೇ. 18 ಜಿಎಸ್‌ಟಿ ತೆರುತ್ತಾರೆ. 1930ರಲ್ಲಿ ಅಂಕೋಲೆಯವರು ಕಾಯ್ದೆ ಮುರಿದು ತಯಾರಿಸಿದ ಉಪ್ಪಿಗೆ ಇಂದು ಜಿಎಸ್‌ಟಿ ಇಲ್ಲ, ಅಷ್ಟು ಸಮಾಧಾನ.

ತೆರಿಗೆ ಏರದಿದ್ದರೆ ಖರ್ಚು ಇಳಿಯಬೇಕು. ಬಡ್ಡಿ, ಸಂಬಳ, ಪಿಂಚಣಿ ನಿಲ್ಲಿಸುವಂತಿಲ್ಲ. ಸಹಾಯಧನ ಮುಟ್ಟಿದರೆ ಮತ ಹೋಗುತ್ತದೆ. ಉಳಿದದ್ದು ಸೇತುವೆ, ಬಂದರು, ರೈಲು ಮಾರ್ಗ. ಇನ್ನೂ ಕಟ್ಟದ ಸೇತುವೆ ಧರಣಿ ಕೂರುವುದಿಲ್ಲ.

ಕಾರವಾರದವರಿಗೆ ಇದು ಹೊಸತಲ್ಲ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ರಾಜೀವ್ ಗಾಂಧಿಯವರು ಅಡಿಗಲ್ಲು ಹಾಕಿದರು. ತೊಂಬತ್ತರ ದಶಕದ ಮೊದಲಲ್ಲಿ ದೇಶದ ಖಜಾನೆ ಸೊರಗಿತು, ಕೆಲಸವೂ ಸೊರಗಿತು. ಆ ಯೋಜನೆಯಲ್ಲಿ ಕಟ್ಟಿದ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿದ್ದು 2005ರಲ್ಲಿ. ಅದಕ್ಕಾಗಿ ಮನೆಮಠ ಬಿಟ್ಟ ಕಡಲತಡಿಯ ಕುಟುಂಬಗಳು ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆದದ್ದು ಯಾವ ಕೊರತೆಯ ಪಟ್ಟಿಯಲ್ಲೂ ಇಲ್ಲ.

ಕರ್ನಾಟಕ 2002ರಲ್ಲಿ, ಕೇಂದ್ರಕ್ಕಿಂತ ಮೊದಲೇ, ವಿತ್ತೀಯ ಹೊಣೆಗಾರಿಕೆಯ ಕಾನೂನು ತಂದಿತು. ವಿತ್ತೀಯ ಕೊರತೆಗೆ ಮಿತಿ ಹಾಕಿದ್ದಲ್ಲದೆ, ಕಂದಾಯ ಕೊರತೆಯೇ ಇರಬಾರದೆಂದಿತು. ಅಂದರೆ, ದಿನದ ಖರ್ಚಿಗೆ ಸಾಲ ಬೇಡ, ಎತ್ತುವುದಾದರೆ ಆಸ್ತಿ ಕಟ್ಟಲು ಎತ್ತು. ಕೇಂದ್ರವು 2018ರಲ್ಲಿ ತನ್ನ ಕಾನೂನಿನಿಂದ ಕಂದಾಯ ಕೊರತೆಯ ಗುರಿಯನ್ನೇ ತೆಗೆದುಹಾಕಿತು. ನನಗೆ ಅದು ಸರಿಕಾಣಲಿಲ್ಲ.

ಆದ್ದರಿಂದ ಬಜೆಟ್ ದಿನ ನಾನು ಮೊದಲು ಹುಡುಕುವುದು ಹಿಂದಿನ ವರ್ಷದ ಬಂಡವಾಳ ವೆಚ್ಚವನ್ನು, ಅಂದರೆ ಆಸ್ತಿ ಕಟ್ಟುವ ಖರ್ಚನ್ನು. 2024-25ಕ್ಕೆ 11.11 ಲಕ್ಷ ಕೋಟಿ ರೂಪಾಯಿ ಎಂದಿದ್ದರು. ಪರಿಷ್ಕೃತ ಅಂದಾಜಿನಲ್ಲಿ ಅದು 10.18 ಲಕ್ಷ ಕೋಟಿಗೆ ಇಳಿಯಿತು. ಚುನಾವಣೆಯ ವರ್ಷವೆಂಬ ಕಾರಣವೂ ಇತ್ತೆನ್ನಿ. ವಿತ್ತೀಯ ಕೊರತೆ ಮಾತ್ರ ಜಿಡಿಪಿಯ ಶೇ. 4.9ರಿಂದ 4.8ಕ್ಕೆ ಇಳಿದು, ಲೆಕ್ಕದ ಪುಸ್ತಕ ಚಂದ ಕಂಡಿತು.

ನಮಸ್ಕಾರ.