ಜ್ವರ ಬಿಟ್ಟ ಮೇಲಿನ ವಾರ

ಕಾಸರಗೋಡಿನ ಹಾಗೂ ಗಡಿಯಾಚೆಯ ಎಲ್ಲ ಕೇಳುಗರಿಗೆ ನಮಸ್ಕಾರ.

ದೇಶದ ಮೊದಲ ಮೂರು ಕೋವಿಡ್ ಪ್ರಕರಣಗಳಲ್ಲಿ ಒಂದು 2020ರ ಫೆಬ್ರವರಿ 3ರಂದು ನಮ್ಮ ಜಿಲ್ಲೆಯಲ್ಲಿಯೇ ದೃಢಪಟ್ಟಿತ್ತು. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಜಾಗತಿಕ ತುರ್ತುಸ್ಥಿತಿಯನ್ನು ಹಿಂತೆಗೆದುಕೊಂಡಿತಾದರೂ ವೈರಾಣು ಎಲ್ಲಿಗೂ ಹೋಗಿಲ್ಲ. ಇಷ್ಟು ವರ್ಷ ಕಳೆದರೂ ಜನರು ಈ ಕಾಯಿಲೆಯನ್ನು ಜ್ವರದ ಏರಿಳಿತದಿಂದಲೇ ಅಳೆಯುವುದನ್ನು ಕಂಡಾಗ ನನಗೆ ತಾಳ್ಮೆ ಉಳಿಯುವುದಿಲ್ಲ. ನಾನು ಇಂದು ಹೇಳಬೇಕಾದ ಮಾತು ಒಂದೇ. ಕೊರೊನಾ ಸೋಂಕಿನಲ್ಲಿ ಅಂಗಾಂಗಗಳಿಗೆ ದೊಡ್ಡ ಹಾನಿಯಾಗುವುದು ಎರಡನೆಯ ವಾರದಲ್ಲಿ, ಮತ್ತು ಅದನ್ನು ಮಾಡುವುದು ಬಹುಪಾಲು ನಮ್ಮದೇ ದೇಹದ ರಕ್ಷಣಾ ವ್ಯವಸ್ಥೆ.

ವೈರಾಣುವಿನ ಮೇಲಿರುವ ಮುಳ್ಳುಗಳು ನಮ್ಮ ಜೀವಕೋಶಗಳ ಮೇಲ್ಮೈಯಲ್ಲಿ ಹಿಡಿಕೆಯಂತಿರುವ ಎಸಿಇ-2 ಎಂಬ ಗ್ರಾಹಕಕ್ಕೆ ಅಂಟಿಕೊಳ್ಳುತ್ತವೆ. ಈ ಗ್ರಾಹಕ ಮೂಗು, ಶ್ವಾಸಕೋಶ, ಕರುಳು, ಮೂತ್ರಪಿಂಡ, ಹೃದಯಗಳಲ್ಲೆಲ್ಲ ಇದೆ. ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಮುದುಡಿಕೊಳ್ಳದಂತೆ ಕಾಯುವ ದ್ರವವನ್ನು ಸ್ರವಿಸುವ ಕೋಶಗಳನ್ನೇ ವೈರಾಣು ಮೊದಲು ಕೆಡಿಸುತ್ತದೆ. ಅದನ್ನು ಎದುರಿಸಲು ಧಾವಿಸಿದ ಬಿಳಿ ರಕ್ತಕಣಗಳು ಹತೋಟಿ ತಪ್ಪಿದರೆ ಉರಿಯೂತ ಹಬ್ಬಿ, ಸೂಕ್ಷ್ಮ ರಕ್ತನಾಳಗಳು ಸೋರತೊಡಗಿ, ಗಾಳಿ ಇರಬೇಕಾದ ಚೀಲಗಳಲ್ಲಿ ನೀರು ತುಂಬುತ್ತದೆ. ಈ ಹೊತ್ತಿಗೆ ಜ್ವರ ಇಳಿದಿರುವುದೂ ಉಂಟು.

2021ರ ಮೇ ತಿಂಗಳಲ್ಲಿ, ಮನೆಯಲ್ಲಿಯೇ ಇದ್ದ ಸೋಂಕಿತರನ್ನು ಫೋನಿನಲ್ಲಿ ವಿಚಾರಿಸುವ ಕೆಲಸ ನನ್ನ ಪಾಲಿಗಿತ್ತು. ಪೆರ್ಲದ ಕಡೆಯ ಅಡಿಕೆ ಕೃಷಿಕರೊಬ್ಬರು, ಸಕ್ಕರೆ ಕಾಯಿಲೆಯವರು, ಬಹಳ ಉತ್ಸಾಹದಿಂದಲೇ ಮಾತನಾಡಿದರು. "ಡಾಕ್ಟ್ರೇ, ಜ್ವರ ಬಿಟ್ಟು ಎರಡು ದಿನ ಆಯ್ತು. ಮಳೆ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬಿಡ್ಬೇಕು, ತೋಟಕ್ಕೆ ಇಳೀಬಹುದಲ್ಲ?" ಎಂದರು. ಸಿಂಪಡಿಸುವ ಮದ್ದಿಗೆ ಬೇಕಾದ ಮೈಲುತುತ್ತು, ಸುಣ್ಣ ಎಲ್ಲ ತಂದಿಟ್ಟಾಗಿದೆ, ಮದ್ದು ಬಿಡುವವರು ಆಮೇಲೆ ಸಿಗುವುದಿಲ್ಲ ಎಂದೂ ಸೇರಿಸಿದರು. ಆದರೆ "ಮೈಲುತುತ್ತು" ಎಂದ ಮೇಲೆ ಒಂದು ಉಸಿರು, "ಸುಣ್ಣ" ಎಂದ ಮೇಲೆ ಇನ್ನೊಂದು ಉಸಿರು ನನಗೆ ಕೇಳಿಸಿತು. ಆಶಾ ಕಾರ್ಯಕರ್ತೆ ಕೊಟ್ಟು ಹೋಗಿದ್ದ, ರಕ್ತದ ಆಮ್ಲಜನಕವನ್ನು ಅಳೆಯುವ ಆಕ್ಸಿಮೀಟರನ್ನು ಬೆರಳಿಗೆ ಹಾಕಿಸಿದೆ. 86 ಎಂದರು. ಬ್ಯಾಟರಿ ಮುಗಿದಿರಬೇಕು ಎಂಬುದು ಅವರ ವಾದ. ಹಾಗಾದರೆ ಮನೆಯವರ ಬೆರಳಿಗೆ ಹಾಕಿ ಎಂದೆ. 98 ತೋರಿಸಿತು. ಆಗ ಫೋನು ಅವರ ಪತ್ನಿಯ ಕೈಗೆ ಬಂತು, ಮುಂದಿನ ಏರ್ಪಾಡು ಬೇಗ ಆಯಿತು.

ಅಷ್ಟು ಕಡಿಮೆ ಆಮ್ಲಜನಕವಿದ್ದರೂ ಅವರಿಗೆ ಏಕೆ ಉಸಿರುಗಟ್ಟಲಿಲ್ಲ? ಉಸಿರಿಗಾಗಿ ಚಡಪಡಿಸುವಂತೆ ಮಾಡುವುದು ಮುಖ್ಯವಾಗಿ ರಕ್ತದಲ್ಲಿ ಹೆಚ್ಚುವ ಇಂಗಾಲದ ಡೈಆಕ್ಸೈಡ್. ಅದು ಕೆಟ್ಟ ಶ್ವಾಸಕೋಶದಿಂದಲೂ ಸುಲಭವಾಗಿ ಹೊರಹೋಗುತ್ತದೆ. ಆಮ್ಲಜನಕ ಅಷ್ಟು ಸುಲಭವಾಗಿ ಒಳಬರುವುದಿಲ್ಲ. ಆಸ್ಪತ್ರೆಯಲ್ಲಿ ಅವರಿಗೆ ಆಮ್ಲಜನಕ ಕೊಟ್ಟರು, ಕವುಚಿ ಮಲಗಿಸಿದರು, ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ಕೊಟ್ಟರು. ಅವರು ಬದುಕಿದರು, ಆದರೆ ತೋಟದ ಏರು ಹತ್ತಲು ತಿಂಗಳುಗಳೇ ಬೇಕಾದವು.

ಆ ಔಷಧವೇ ನನ್ನ ಮಾತಿಗೆ ಸಾಕ್ಷಿ. ಅದು ವೈರಾಣುವನ್ನು ಕೊಲ್ಲುವುದಿಲ್ಲ, ಉರಿಯೂತವನ್ನು ಅಡಗಿಸುತ್ತದೆ. ಬ್ರಿಟನ್ನಿನ 'ರಿಕವರಿ' ಎಂಬ ಔಷಧ ಪ್ರಯೋಗವು 2020ರ ಜೂನ್‌ನಲ್ಲಿ ತೋರಿಸಿದಂತೆ, ಅದರಿಂದ ವೆಂಟಿಲೇಟರ್‌ನಲ್ಲಿದ್ದವರ ಸಾವು ಸುಮಾರು ಮೂರನೆಯ ಒಂದರಷ್ಟು ತಗ್ಗಿತು. ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಪ್ರಯೋಜನವಾಗಲಿಲ್ಲ. ಆದ್ದರಿಂದ ಮೊದಲ ದಿನವೇ ಅಂಗಡಿಯಿಂದ ಸ್ಟೀರಾಯ್ಡ್ ತಂದು ನುಂಗಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಸಮಯ ಮುಗಿಯುತ್ತಿರುವುದರಿಂದ ಉಳಿದ ಅಂಗಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ನೀರಿಗಾಗಿ ಗುಡ್ಡದೊಳಗೆ ಅಡ್ಡಲಾಗಿ ಕೊರೆದ ನಮ್ಮೂರ ಸುರಂಗದ ಗೋಡೆ ಉದುರಿದರೆ ಒರತೆ ಚೆನ್ನಾಗಿದ್ದರೂ ನೀರು ಹೊರಬರುವುದಿಲ್ಲ. ಉರಿಯೂತದಿಂದ ರಕ್ತನಾಳದ ಒಳಪದರ ಕೆಟ್ಟಾಗಲೂ ಅಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಲ್ಲುತ್ತದೆ. ಹೃದಯದಲ್ಲಾದರೆ ಹೃದಯಾಘಾತ, ಮಿದುಳಿನಲ್ಲಾದರೆ ಪಾರ್ಶ್ವವಾಯು. ಮೂತ್ರಪಿಂಡವೂ ಇದರಿಂದ ಸೋಲುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ ಅಪಾಯ ಹೆಚ್ಚು.

ಸೋಂಕು ತಗುಲಿದರೆ ಎರಡನೆಯ ವಾರ ಕಳೆಯುವವರೆಗೂ ದಿನಕ್ಕೆರಡು ಬಾರಿ ಆಕ್ಸಿಮೀಟರ್ ನೋಡಿ. ಒಮ್ಮೆ ಕುಳಿತು, ಒಮ್ಮೆ ಅಂಗಳದಲ್ಲಿ ಆರು ನಿಮಿಷ ನಡೆದು. ಅಂಕಿ 94ಕ್ಕಿಂತ ಕೆಳಗಿಳಿದರೆ, ಜ್ವರ ಇರಲಿ ಬಿಡಲಿ, ಅಂದೇ ಆಸ್ಪತ್ರೆಗೆ ಹೋಗಿ. ನಮಸ್ಕಾರ.